ದ್ರವ್ಯದ ಗುಣ, ಬಳಕೆಯ ಹೊಣೆ

ಒಂದು ವಸ್ತುವಿನಿಂದ ಕೇಡು ಸಂಭವಿಸಿದಾಗ ಆ ಕೇಡಿನ ಬೀಜ ವಸ್ತುವಿನಲ್ಲಿಯೇ ಇತ್ತೋ, ಅದನ್ನು ಹಿಡಿದ ಕೈಯಲ್ಲಿತ್ತೋ, ಕೈಯನ್ನು ನಡೆಸಿದ ಮನಸ್ಸಿನಲ್ಲಿತ್ತೋ ಎಂಬ ಪ್ರಶ್ನೆ ಭಾರತೀಯ ದರ್ಶನಗಳಿಗೆ ಹೊಸದಲ್ಲ. ಜೈನ ದಾರ್ಶನಿಕರು ಅದನ್ನು ದ್ರವ್ಯ, ಗುಣ, ಪರ್ಯಾಯಗಳ ವಿವೇಚನೆಯಲ್ಲಿಯೂ ದ್ರವ್ಯಹಿಂಸೆ, ಭಾವಹಿಂಸೆಗಳ ವಿಂಗಡಣೆಯಲ್ಲಿಯೂ ಎತ್ತಿಕೊಂಡರೆ, ಬೌದ್ಧರು ವಸ್ತುವಿಗೆ ತನ್ನದೇ ಆದ ಸ್ವಭಾವ ಎಂಬುದೊಂದು ಇದೆಯೇ ಎಂದು ಪ್ರಶ್ನೆಯ ಬುಡಕ್ಕೇ ಕೈಹಾಕಿದರು. ಪರಮಾಣು ತಂತ್ರಜ್ಞಾನ ಈ ಹಳೆಯ ಪ್ರಶ್ನೆಗೆ ಹೊಸ ತುರ್ತನ್ನು ತಂದಿದೆ. ಊರಿಗೆ ಬೆಳಕು ಕೊಡುವ ವಸ್ತುವೂ ಊರನ್ನು ಸುಡುವ ವಸ್ತುವೂ ಒಂದೇ ಗಣಿಯಿಂದ, ಒಂದೇ ಬಗೆಯ ಯಂತ್ರದಿಂದ ಹೊರಬರುವಾಗ ಗುಣಕ್ಕೂ ಬಳಕೆಗೂ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಪಂಡಿತರ ಗೋಷ್ಠಿಯ ಮಾತಾಗಿ ಉಳಿಯುವುದಿಲ್ಲ. ವಿರಳ ಭೂಲೋಹಗಳು ಹೈಡ್ರೋಜನ್ನಿನೊಡನೆ ಕೂಡಿ ಆಗುವ ಹೈಡ್ರೈಡು ಎಂಬ ಸಂಯುಕ್ತಗಳು ಈ ಗೆರೆಯನ್ನು ಹುಡುಕಲು ತಕ್ಕ ನಿದರ್ಶನ. ಅವು ಕಣ್ಣೆದುರೇ ಗುಣ ಬದಲಿಸುತ್ತವೆ, ಮತ್ತು ಅವುಗಳ ಪರಮಾಣು ಬಳಕೆಗಳಲ್ಲಿ ಕೆಲವು ಶಾಂತಿಯ ಕಡೆಗೂ ಕೆಲವು ಶಸ್ತ್ರದ ಕಡೆಗೂ ಬಾಗಿವೆ.

ಈ ವಿಚಾರಕ್ಕೆ ಮೈಸೂರು ಜಿಲ್ಲೆಯ ಪಶ್ಚಿಮ ಸೀಮೆ ಸಹಜವಾದ ನೆಲೆ. ಮೈಸೂರಿನಿಂದ ಮಡಿಕೇರಿಯತ್ತ ಸಾಗುವ ಹೆದ್ದಾರಿಯಲ್ಲಿ ಮೊದಲು ಸಿಗುವ ಇಲವಾಲದ ಬಳಿ ಅಣುಶಕ್ತಿ ಇಲಾಖೆಯ ‘ರೇರ್ ಮೆಟೀರಿಯಲ್ಸ್ ಪ್ಲಾಂಟ್’ ಇದೆ. ಅತಿವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳಿಂದ ಯುರೇನಿಯಂ-235ರ ಪಾಲನ್ನು ಹೆಚ್ಚಿಸುವ ಪುಷ್ಟೀಕರಣದ ಕೆಲಸ ಅಲ್ಲಿ ನಡೆಯುತ್ತದೆ ಎಂಬುದು ಬಹಿರಂಗವಾಗಿರುವ ಸಂಗತಿ. ಅದೇ ಇಲವಾಲದ ಕಡೆಯಿಂದ ಕವಲೊಡೆಯುವ ದಾರಿ ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಗೆ ಹೋಗುತ್ತದೆ. ಶ್ರವಣಗುಡ್ಡ ಎಂದೂ ಕರೆಯುವ ಆ ಬಂಡೆಯ ನೆತ್ತಿಯ ಮೇಲೆ ಬಾಹುಬಲಿಯ ಏಕಶಿಲಾ ಮೂರ್ತಿ ನಿಂತಿದೆ. ಹೆದ್ದಾರಿಯಲ್ಲಿ ಇನ್ನೂ ಮುಂದೆ ಸಾಗಿದರೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಒಂದು, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಇನ್ನೊಂದು ಟಿಬೆಟನ್ ನೆಲೆ ಸಿಗುತ್ತದೆ. ಅಹಿಂಸೆಯನ್ನು ತತ್ತ್ವವಾಗಿ ಬೆಳೆಸಿದ ಎರಡು ಶ್ರಮಣ ಪರಂಪರೆಗಳೂ ದೇಶದ ಪರಮಾಣು ಕಾರ್ಯಕ್ರಮದ ಒಂದು ಮುಖ್ಯ ಘಟಕವೂ ಹೀಗೆ ಒಂದೇ ರಸ್ತೆಯ ಆಸುಪಾಸಿನಲ್ಲಿ ಬಿದ್ದಿರುವುದು ಆಕಸ್ಮಿಕವೇ ಇರಬಹುದು, ಆದರೆ ವಿಚಾರ ಮಾಡುವವನಿಗೆ ಆ ಆಕಸ್ಮಿಕವನ್ನು ಕಡೆಗಣಿಸಿ ಮುಂದೆ ಹೋಗುವ ಸ್ವಾತಂತ್ರ್ಯವಿಲ್ಲ.

ಲ್ಯಾಂಥನಂನಿಂದ ಲುಟೇಷಿಯಂವರೆಗಿನ 15 ಧಾತುಗಳು, ಅವುಗಳ ಸಾಲಿನಲ್ಲೇ ಎಣಿಸಲಾಗುವ ಸ್ಕ್ಯಾಂಡಿಯಂ ಮತ್ತು ಯಿಟ್ರಿಯಂ, ಹೀಗೆ ಒಟ್ಟು 17 ಧಾತುಗಳಿಗೆ ವಿರಳ ಭೂಲೋಹಗಳೆಂದು ಹೆಸರು. ಹೆಸರು ಹೇಳುವಷ್ಟು ಅವು ನೆಲದಲ್ಲಿ ವಿರಳವಲ್ಲ. ಒಂದೆಡೆ ಗಟ್ಟಿಯಾಗಿ ದೊರೆಯದೆ, ಒಂದರೊಳಗೊಂದು ಬೆರೆತು ಸಿಗುವುದರಿಂದ ಬೇರ್ಪಡಿಸುವುದು ಕಷ್ಟ. ಭಾರತದಲ್ಲಿ ಅವುಗಳ ಮುಖ್ಯ ಆಕರ ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮರಳಿನಲ್ಲಿರುವ ಮೊನಜೈಟ್ ಎಂಬ ಖನಿಜ. ಅದನ್ನು ಸಂಸ್ಕರಿಸಲೆಂದು 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿತು. ಮೊನಜೈಟಿನ ಒಂದೇ ಕಣದಲ್ಲಿ ಬಲವಾದ ಅಯಸ್ಕಾಂತಕ್ಕೆ ಬೇಕಾದ ನಿಯೋಡಿಮಿಯಂ ಇರುತ್ತದೆ, ಪರಮಾಣು ಇಂಧನಕ್ಕೆ ಮೂಲವಾಗಬಲ್ಲ ಥೋರಿಯಂ ಕೂಡ ಇರುತ್ತದೆ, ಆದ್ದರಿಂದಲೇ ಅದು ಪರಮಾಣು ಶಕ್ತಿ ಕಾಯಿದೆಯ ನಿಯಂತ್ರಣಕ್ಕೆ ಒಳಪಟ್ಟ ವಸ್ತು. ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ಹೆಸರು ಹೊತ್ತ ಶಿಲಾಸಮೂಹದ ವಯಸ್ಸು 300 ಕೋಟಿ ವರ್ಷಗಳಷ್ಟು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಧಾತುಗಳು ಆ ಶಿಲೆಗಳಿಗಿಂತಲೂ ಹಳೆಯವು, ಅವುಗಳ ಪ್ರಯೋಜನ ಎಂಬ ಕಲ್ಪನೆ ಮಾತ್ರ ಮನುಷ್ಯನ ಜೊತೆ ಬಂದದ್ದು.

ಈ ಲೋಹಗಳು ಹೈಡ್ರೋಜನ್ ಅನಿಲವನ್ನು ಶಾಖ ಹೊರಹಾಕುತ್ತಾ ಹೀರಿಕೊಳ್ಳುತ್ತವೆ. ಲೋಹದ ಪರಮಾಣುಗಳು ಸಾಲುಗಟ್ಟಿ ನಿಂತ ಜಾಲದ ಸಂದುಗಳಲ್ಲಿ ಪುಟ್ಟ ಹೈಡ್ರೋಜನ್ ಪರಮಾಣುಗಳು ಬಂದು ಕೂರುತ್ತವೆ. ಒಂದು ಲೋಹ ಪರಮಾಣುವಿಗೆ ಎರಡರಂತೆ ಸೇರಿದರೆ ಡೈಹೈಡ್ರೈಡು, ಮೂರರ ಹತ್ತಿರ ಬಂದರೆ ಟ್ರೈಹೈಡ್ರೈಡು. ಡೈಹೈಡ್ರೈಡು ಲೋಹದಂತೆಯೇ ವಿದ್ಯುತ್ತನ್ನು ಹರಿಯಗೊಡುತ್ತದೆ, ಟ್ರೈಹೈಡ್ರೈಡು ಅದನ್ನು ತಡೆಯುತ್ತದೆ. ಯುರೋಪಿಯಂ ಮತ್ತು ಯಿಟರ್ಬಿಯಂ ಎಂಬ ಎರಡು ಲೋಹಗಳು ಮಾತ್ರ ಈ ಕುಟುಂಬದ ರೂಢಿಯನ್ನು ಬಿಟ್ಟು, ಉಪ್ಪನ್ನು ಹೋಲುವ ಬೇರೆಯೇ ಬಗೆಯ ಡೈಹೈಡ್ರೈಡನ್ನು ಕೊಡುತ್ತವೆ. ಲ್ಯಾಂಥನಂ ಮತ್ತು ಸೀರಿಯಂಗಳ ಹೈಡ್ರೈಡಿನ ಪುಡಿ ಗಾಳಿಗೆ ತೆರೆದರೆ ತಾನಾಗಿ ಹೊತ್ತಿಕೊಳ್ಳಬಹುದಾದಷ್ಟು ಚುರುಕಾದುದರಿಂದ ಅದನ್ನು ಆರ್ಗಾನಿನಂತಹ ಜಡ ಅನಿಲದ ಪೆಟ್ಟಿಗೆಯೊಳಗೆ ಕೈಗವಸು ತೊಟ್ಟೇ ನಿರ್ವಹಿಸಬೇಕಾಗುತ್ತದೆ.

1996ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ರೈಯ ವಿಶ್ವವಿದ್ಯಾಲಯದ ಹೈಬರ್ಟ್ಸ್, ಗ್ರಿಸ್ಸೆನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗ ಈ ಗುಣಾಂತರವನ್ನು ಬರಿಗಣ್ಣಿಗೆ ಕಾಣಿಸಿತು. ಕೂದಲೆಳೆಗಿಂತ ಎಷ್ಟೋ ತೆಳುವಾದ ಯಿಟ್ರಿಯಂ ಪೊರೆಯೊಂದನ್ನು ಗಾಜಿನ ಮೇಲೆ ಹರಡಿ, ಅದು ಗಾಳಿಗೆ ಕೆಡದಂತೆಯೂ ಹೈಡ್ರೋಜನ್ ಒಳಹೋಗುವಂತೆಯೂ ಅದರ ಮೇಲೆ ಪಲ್ಲಾಡಿಯಂನ ಇನ್ನೊಂದು ಪೊರೆ ಹೊದಿಸಿದರು. ಆರಂಭದಲ್ಲಿ ಅದು ಮುಖ ನೋಡಿಕೊಳ್ಳಬಹುದಾದಂತಹ ಹೊಳೆಯುವ ಕನ್ನಡಿ. ಹೈಡ್ರೋಜನ್ ಹರಿಸಿದಾಗ ಮೊದಲು ಡೈಹೈಡ್ರೈಡಾಗುತ್ತದೆ, ಇನ್ನೂ ಹರಿಸಿದಾಗ ಕನ್ನಡಿ ಕರಗಿ ಹೋದಂತೆ ತಿಳಿ ಹಳದಿಯ ಪಾರದರ್ಶಕ ಪೊರೆಯಾಗಿ ಹಿಂದಿನ ವಸ್ತುವೆಲ್ಲ ಕಾಣತೊಡಗುತ್ತದೆ. ಹೈಡ್ರೋಜನ್ನಿನ ಒತ್ತಡ ಇಳಿಸಿದರೆ ಮತ್ತೆ ಹೊಳಪಿನ ಡೈಹೈಡ್ರೈಡು. ಈ ಹೋಗಿಬರುವಿಕೆಯುದ್ದಕ್ಕೂ ಯಿಟ್ರಿಯಂನ ಒಂದು ಪರಮಾಣುವೂ ಕಡಿಮೆಯಾಗಿಲ್ಲ, ಹೆಚ್ಚಾಗಿಲ್ಲ. ಹಾಗಾದರೆ ಪ್ರತಿಫಲಿಸುವುದು ಯಿಟ್ರಿಯಂನ ಗುಣವೋ, ದಾರಿ ಬಿಡುವುದು ಅದರ ಗುಣವೋ?

ಜೈನ ದರ್ಶನದಲ್ಲಿ ಈ ಪ್ರಶ್ನೆಗೆ ಸಿದ್ಧವಾದ ಒಂದು ಚೌಕಟ್ಟಿದೆ. ದ್ರವ್ಯವೆಂದರೆ ಗುಣಗಳನ್ನೂ ಪರ್ಯಾಯಗಳನ್ನೂ ಉಳ್ಳದ್ದು. ಗುಣ ದ್ರವ್ಯವನ್ನು ಬಿಟ್ಟಿರದೆ ಜೊತೆಯಲ್ಲೇ ಇರುವಂಥದು, ಪರ್ಯಾಯ ಒಂದಾದ ಮೇಲೊಂದರಂತೆ ಬಂದು ಹೋಗುವ ಅವಸ್ಥೆ. ಇರುವ ಪ್ರತಿಯೊಂದರಲ್ಲಿಯೂ ಹುಟ್ಟುವಿಕೆ, ಅಳಿಯುವಿಕೆ, ಸ್ಥಿರತೆ ಮೂರೂ ಒಟ್ಟಿಗೇ ಇರುತ್ತವೆ ಎಂಬುದು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ನಿಲುವು. ಸಮಂತಭದ್ರ ತನ್ನ ‘ಆಪ್ತಮೀಮಾಂಸೆ’ಯಲ್ಲಿ ಕೊಡುವ ದೃಷ್ಟಾಂತ ಪ್ರಸಿದ್ಧವಾದದ್ದು: ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಾಗಿದ್ದವನು ಮರುಗುತ್ತಾನೆ, ಕಿರೀಟ ಬೇಕಾಗಿದ್ದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಾಗಿದ್ದವನಿಗೆ ದುಃಖವೂ ಇಲ್ಲ, ಸಂತೋಷವೂ ಇಲ್ಲ. ಮೂವರ ಅನುಭವವೂ ನಿಜವಾದುದರಿಂದ ವಸ್ತುವಿನ ಮೂರು ಮುಖಗಳೂ ನಿಜ. ಯಿಟ್ರಿಯಂನ ಕನ್ನಡಿತನವೂ ಪಾರದರ್ಶಕತೆಯೂ ಈ ಲೆಕ್ಕದಲ್ಲಿ ಪರ್ಯಾಯಗಳು. ಹೈಡ್ರೋಜನ್ ನಿಮಿತ್ತ, ಅಂದರೆ ಪ್ರೇರಕ ಕಾರಣ. ಯಿಟ್ರಿಯಂ ಉಪಾದಾನ, ಅಂದರೆ ತಾನೇ ಕಾರ್ಯವಾಗಿ ಪರಿಣಮಿಸುವ ಕಾರಣ. ನಿಮಿತ್ತವಿಲ್ಲದೆ ಬದಲಾವಣೆ ಆಗದು, ಆದರೆ ಉಪಾದಾನದಲ್ಲಿ ಯೋಗ್ಯತೆ ಇಲ್ಲದಿದ್ದರೆ ಯಾವ ನಿಮಿತ್ತವೂ ಕೆಲಸ ಮಾಡದು. ಕಬ್ಬಿಣದ ಪೊರೆಯ ಮೇಲೆ ಎಷ್ಟೇ ಹೈಡ್ರೋಜನ್ ಹರಿಸಿದರೂ ಅದು ಕಿಟಕಿಯ ಗಾಜಾಗುವುದಿಲ್ಲ. ಯೋಗ್ಯತೆ ಎಂಬ ಈ ಪರಿಕಲ್ಪನೆ ಮುಂದಿನ ವಾದಕ್ಕೆಲ್ಲ ಕೀಲಿ.

ಕೃಷ್ಣರಾಜನಗರದ ಎಡತೊರೆ ಮಠದಂತಹ ಶಾಂಕರ ಪೀಠಗಳಲ್ಲಿ ಬೋಧಿಸುವ ಅದ್ವೈತದಲ್ಲಿ ಇದಕ್ಕೆ ಸಮೀಪವಾಗಿ ಕಾಣುವ ಇನ್ನೊಂದು ದೃಷ್ಟಾಂತವಿದೆ: ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಾಣುತ್ತದೆ, ಹೂವು ತೆಗೆದರೆ ಕೆಂಪು ಹೋಗುತ್ತದೆ. ಆದರೆ ಅಲ್ಲಿ ಕೆಂಪು ಸ್ಫಟಿಕಕ್ಕೆ ಎಂದೂ ಸೇರಿದ್ದಲ್ಲ, ಉಪಾಧಿಯಿಂದ ಆದ ತೋರಿಕೆ ಮಾತ್ರ. ಯಿಟ್ರಿಯಂನಲ್ಲಿ ಆಗುವುದು ತೋರಿಕೆಯಲ್ಲ. ಜಾಲದ ಅಳತೆ, ಎಲೆಕ್ಟ್ರಾನುಗಳ ನೆಲೆ ಎಲ್ಲವೂ ನಿಜವಾಗಿ ಮಾರ್ಪಡುತ್ತವೆ. ಆದ್ದರಿಂದ ಈ ವಸ್ತುವಿಗೆ ಮಾರ್ಪಾಡು ನಿಜವೆನ್ನುವ ಪರಿಣಾಮವಾದವೇ ಹೆಚ್ಚು ಹೊಂದುತ್ತದೆ.

ಬೈಲಕುಪ್ಪೆಯ ಬೌದ್ಧರು ಇಷ್ಟಕ್ಕೂ ಒಪ್ಪಲಾರರು. 1959ರಲ್ಲಿ ಟಿಬೆಟ್ ತೊರೆದು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಅಲ್ಲಿ ಭೂಮಿ ಕೊಟ್ಟ ಮೇಲೆ ಬೆಳೆದ ಸೆರಾ ವಿಹಾರದಲ್ಲಿ ನಾಗಾರ್ಜುನ, ಚಂದ್ರಕೀರ್ತಿಗಳ ಮಾಧ್ಯಮಿಕ ದರ್ಶನ ಇಂದಿಗೂ ಪಠ್ಯವಾಗಿದೆ. ಅಂಗಳದಲ್ಲಿ ಉತ್ತರ ಹೇಳುವ ಭಿಕ್ಷು ಕುಳಿತಿರುತ್ತಾನೆ, ಪ್ರಶ್ನೆ ಕೇಳುವವನು ನಿಂತು, ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆಯನ್ನು ಎಸೆಯುತ್ತಾನೆ. ಬೆಂಕಿಗೆ ಬಿಸಿ ಸ್ವಭಾವವೆನ್ನುವ ಲೋಕರೂಢಿಯನ್ನೇ ಚಂದ್ರಕೀರ್ತಿ ಪ್ರಶ್ನಿಸಿದ: ಕಟ್ಟಿಗೆ, ಮಥನ ಮುಂತಾದ ಕಾರಣಗಳನ್ನು ಆಶ್ರಯಿಸಿ ಹುಟ್ಟುವ ಬಿಸಿ, ಕಾಯಿಸಿದ ನೀರಿನ ಬಿಸಿಯಂತೆಯೇ ಪರಾಧೀನ, ಪರಾಧೀನವಾದದ್ದು ಸ್ವಭಾವವಾಗಲಾರದು. ಈ ದೃಷ್ಟಿಯಲ್ಲಿ ಯಿಟ್ರಿಯಂನ ಪರ್ಯಾಯಗಳು ಮಾತ್ರವಲ್ಲ, ಜೈನರು ಗಟ್ಟಿಯಾಗಿ ಹಿಡಿದ ದ್ರವ್ಯವೂ ಹೇತುಪ್ರತ್ಯಯಗಳ, ಅಂದರೆ ಬೇರೆ ಕಾರಣಗಳ, ಮೇಲೆ ನಿಂತದ್ದೇ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಈ ವಿಹಾರದ ಭಿಕ್ಷುಗಳು ಈಗ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನಗಳನ್ನೂ ಕಲಿಯುತ್ತಿರುವುದರಿಂದ ಈ ಚರ್ಚೆ ಅಲ್ಲಿ ಹಳೆಯ ಗ್ರಂಥಗಳೊಳಗೆ ಮಾತ್ರ ನಡೆಯುವಂಥದಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜೈನರ ಪರಮಾಣುವಾದವನ್ನು ಇಂದಿನ ರಸಾಯನಶಾಸ್ತ್ರದ ಮುನ್ಸೂಚನೆಯೆಂದು, ಮಾಧ್ಯಮಿಕರ ಶೂನ್ಯವಾದವನ್ನು ಕ್ವಾಂಟಂ ಸಿದ್ಧಾಂತದ ಹಳೆಯ ಹೆಸರೆಂದು ಹೇಳುವ ಪ್ರವೃತ್ತಿ ಕನ್ನಡದಲ್ಲಿಯೂ ಸಾಕಷ್ಟಿದೆ, ಮತ್ತು ಅದರಿಂದ ಎರಡಕ್ಕೂ ಅನ್ಯಾಯವಾಗುತ್ತದೆ. ಸ್ನಿಗ್ಧತೆ, ರೂಕ್ಷತೆಗಳ ಅಂಶಗಳಲ್ಲಿನ ವ್ಯತ್ಯಾಸದಿಂದ ಪರಮಾಣುಗಳು ಬಂಧಗೊಳ್ಳುತ್ತವೆ ಎಂದ ಆಚಾರ್ಯರಿಗೆ ಪ್ರಯೋಗಶಾಲೆ ಇರಲಿಲ್ಲ, ಹೈಡ್ರೋಜನ್ನಿನ ತೂಕ ಅವರಿಗೆ ಬೇಕಾಗಿಯೂ ಇರಲಿಲ್ಲ. ಅವರು ಕೇಳಿದ್ದು ಜೀವ ಹೇಗೆ ಬಂಧಕ್ಕೆ ಸಿಲುಕುತ್ತದೆ, ಹೇಗೆ ಬಿಡುಗಡೆ ಹೊಂದುತ್ತದೆ ಎಂದು. ದರ್ಶನಗಳಿಂದ ಇಲ್ಲಿ ಪಡೆಯಬೇಕಾದದ್ದು ವಸ್ತುವಿನ ಬಗೆಗಿನ ಮಾಹಿತಿಯಲ್ಲ, ಹೊಣೆಯ ಬಗೆಗಿನ ವಿವೇಚನೆ.

ಆ ವಿವೇಚನೆಗೆ ಹೈಡ್ರೈಡುಗಳ ಪರಮಾಣು ಬಳಕೆ ಹೇಗಿದೆ ಎಂಬುದನ್ನು ತಿಳಿಯಬೇಕು. ಯುರೇನಿಯಂ ಬೀಜಕಣ ಒಡೆದಾಗ, ಅಂದರೆ ವಿದಳನವಾದಾಗ, ಹೊರಚಿಮ್ಮುವ ನ್ಯೂಟ್ರಾನುಗಳು ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ಆ ವೇಗದಲ್ಲಿ ಅವು ಇನ್ನೊಂದು ಯುರೇನಿಯಂ-235 ಬೀಜಕಣವನ್ನು ಒಡೆಯುವ ಸಾಧ್ಯತೆ ಬಹಳ ಕಡಿಮೆ, ಸೆಕೆಂಡಿಗೆ 2.2 ಕಿಲೋಮೀಟರಿನಷ್ಟಕ್ಕೆ ಇಳಿದಾಗ ಅದು ನೂರಾರು ಪಟ್ಟು ಹೆಚ್ಚುತ್ತದೆ. ಹೀಗೆ ವೇಗ ಇಳಿಸುವ ವಸ್ತುವಿಗೆ ಮಂದಕ ಎಂದು ಹೆಸರು. ಹೈಡ್ರೋಜನ್ನಿನ ಬೀಜಕಣ ನ್ಯೂಟ್ರಾನಿನಷ್ಟೇ ತೂಕದ್ದಾದುದರಿಂದ ಒಂದೊಂದು ಡಿಕ್ಕಿಯಲ್ಲೂ ನ್ಯೂಟ್ರಾನು ತನ್ನ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಸರಾಸರಿ 18 ಡಿಕ್ಕಿಗಳಲ್ಲಿ ಆಗುವ ಈ ಕೆಲಸಕ್ಕೆ ಗ್ರಾಫೈಟಿನಲ್ಲಿ ನೂರಕ್ಕೂ ಹೆಚ್ಚು ಡಿಕ್ಕಿ ಬೇಕು. ನೀರಿನಲ್ಲಿ ಹೈಡ್ರೋಜನ್ ಬೇಕಾದಷ್ಟಿದೆ, ಆದರೆ ಬಿಸಿಯೇರಿದರೆ ನೀರು ಆವಿಯಾಗುತ್ತದೆ. ಯಿಟ್ರಿಯಂ ಡೈಹೈಡ್ರೈಡಿನಲ್ಲಿ ನೀರಿನ ಸಮೀಪದ ಸಾಂದ್ರತೆಯಲ್ಲೇ ಹೈಡ್ರೋಜನ್ ತುಂಬಿರುತ್ತದೆ, ಮತ್ತು ಇನ್ನೊಂದು ಮಂದಕವಾದ ಜಿರ್ಕೋನಿಯಂ ಹೈಡ್ರೈಡು ತನ್ನ ಹೈಡ್ರೋಜನ್ನನ್ನು ಬಿಟ್ಟುಕೊಡತೊಡಗುವ ಉಷ್ಣತೆಯನ್ನು ದಾಟಿ 1000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೂ ಅದು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅಮೆರಿಕ 1950ರ ದಶಕದಲ್ಲಿ ಪರಮಾಣು ಶಕ್ತಿಯಿಂದ ವಿಮಾನ ಹಾರಿಸುವ ಯೋಜನೆಯಲ್ಲಿ ಇದನ್ನು ಅಭ್ಯಾಸ ಮಾಡಿತು. 1961ರಲ್ಲಿ ಆ ಯೋಜನೆ ನಿಂತಿತು. ಚಿಕ್ಕ ಗಾತ್ರದ, ಹೆಚ್ಚು ಉಷ್ಣತೆಯ ರಿಯಾಕ್ಟರುಗಳ ಚರ್ಚೆಯೊಂದಿಗೆ ಇತ್ತೀಚೆಗೆ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಮತ್ತೆ ಕೆಲಸ ನಡೆದಿದೆ.

ಒಂದೇ ಕುಟುಂಬದ ಸದಸ್ಯರು ನ್ಯೂಟ್ರಾನಿನ ಎದುರು ಎಷ್ಟು ಬೇರೆಬೇರೆಯಾಗಿ ವರ್ತಿಸುತ್ತಾರೆ ಎಂಬುದೂ ಗಮನಾರ್ಹ. ಬೀಜಕಣವೊಂದು ನ್ಯೂಟ್ರಾನನ್ನು ನುಂಗುವ ಸಾಧ್ಯತೆಯನ್ನು ಬಾರ್ನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಯಿಟ್ರಿಯಂಗೆ ಅದು ಸುಮಾರು 1.3 ಬಾರ್ನ್, ಗ್ಯಾಡೋಲಿನಿಯಂ-157ಕ್ಕೆ ಸುಮಾರು 2.5 ಲಕ್ಷ ಬಾರ್ನ್. ಆದ್ದರಿಂದ ಮೊದಲನೆಯದು ಕ್ರಿಯೆಗೆ ಅನುಕೂಲವಾದ ಮಂದಕ, ಎರಡನೆಯದು ಕ್ರಿಯೆಯನ್ನು ಹತ್ತಿಕ್ಕುವ ‘ವಿಷ’. ರಿಯಾಕ್ಟರಿನ ಇಂಧನದಲ್ಲಿ ಗ್ಯಾಡೋಲಿನಿಯಂ ಆಕ್ಸೈಡನ್ನು ಬೆರೆಸುವುದು ಆ ವಿಷಕ್ಕಾಗಿಯೇ; ಅಲ್ಲಿ ವಿಷವೆಂದರೆ ರಕ್ಷಣೆ. ಎರ್ಬಿಯಂ, ಸ್ಕ್ಯಾಂಡಿಯಂಗಳು ಹೈಡ್ರೋಜನ್ನಿನ ವಿಕಿರಣಶೀಲ ಸಹೋದರನಾದ ಟ್ರಿಟಿಯಮ್ಮನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಅಂತಹ ಪೊರೆಯ ಮೇಲೆ ಹೈಡ್ರೋಜನ್ನಿನ ಇನ್ನೊಬ್ಬ ಸಹೋದರನಾದ ಡ್ಯೂಟೀರಿಯಂನ ಕಣಗಳನ್ನು ಹಾಯಿಸಿದರೆ ನ್ಯೂಟ್ರಾನುಗಳು ಹುಟ್ಟುತ್ತವೆ. ತೈಲಬಾವಿಯ ಆಳದ ಶಿಲೆಯನ್ನು ತಿಳಿಯಲು ಇಳಿಸುವ ನ್ಯೂಟ್ರಾನ್ ಕೊಳವೆಯೂ ಅಣ್ವಸ್ತ್ರದಲ್ಲಿ ಸರಪಳಿ ಕ್ರಿಯೆಯ ಮೊದಲ ಕಿಡಿ ಹಚ್ಚುವ ಕೊಳವೆಯೂ ಇದೇ ತತ್ತ್ವದವು.

ವಸ್ತು ಸಂಪೂರ್ಣ ತಟಸ್ಥ, ಎಲ್ಲವೂ ಬಳಸುವವನ ಕೈಯಲ್ಲಿದೆ ಎಂಬ ಮಾತು ವಿಜ್ಞಾನಿಗಳ ಬಾಯಲ್ಲಿಯೂ ಆಡಳಿತಗಾರರ ಬಾಯಲ್ಲಿಯೂ ಸಲೀಸಾಗಿ ಬರುತ್ತದೆ. ಅದು ಅರ್ಧ ನಿಜ. 1953ರ ಮಾರ್ಚ್ 31ರಂದು ಅಮೆರಿಕದ ನೆವಾಡದಲ್ಲಿ ‘ರೂತ್’ ಎಂಬ ಹೆಸರಿನ ಸ್ಫೋಟ ಪರೀಕ್ಷೆ ನಡೆಯಿತು. ಅದರ ತಿರುಳು ಯುರೇನಿಯಂ ಹೈಡ್ರೈಡು. ಹೈಡ್ರೋಜನ್ ನ್ಯೂಟ್ರಾನುಗಳನ್ನು ನಿಧಾನಗೊಳಿಸುವುದರಿಂದ ಕಡಿಮೆ ಯುರೇನಿಯಂ ಸಾಕಾದೀತೆಂಬ ಲೆಕ್ಕಾಚಾರದ ಮೇಲೆ ಮಾಡಿದ ಬಾಂಬು ನಿರೀಕ್ಷೆಯ ಒಂದು ಅಲ್ಪ ಭಾಗದಷ್ಟೇ ಸಿಡಿದು, ಅದನ್ನು ಇರಿಸಿದ್ದ ಗೋಪುರದ ಕೆಳಭಾಗ ಹಾಗೆಯೇ ನಿಂತುಕೊಂಡಿತು. ಸ್ಫೋಟಕ್ಕೆ ಬೇಕಾದದ್ದು ಕ್ಷಣದ ಅತಿಸಣ್ಣ ಅಂಶದೊಳಗೆ ಮುಗಿಯುವ ಸರಪಳಿ; ನಿಧಾನ ನ್ಯೂಟ್ರಾನು ಆ ಅವಧಿಯೊಳಗೆ ತಲುಪುವುದಿಲ್ಲ, ತಿರುಳು ಅಷ್ಟರಲ್ಲಿ ಹಿಗ್ಗಿ ಚದುರಿಹೋಗುತ್ತದೆ. ರಿಯಾಕ್ಟರನ್ನು ನಡೆಸುವ ಗುಣವೇ ಬಾಂಬನ್ನು ಕೆಡಿಸಿತು. ಉದ್ದೇಶ ಮನುಷ್ಯರದೇ ಆಗಿತ್ತು, ಸಾಧನ ಸಾಮಗ್ರಿ ಎಲ್ಲ ಇತ್ತು, ಉಪಾದಾನದಲ್ಲಿ ಯೋಗ್ಯತೆ ಇರಲಿಲ್ಲ. ವಸ್ತುವಿಗೆ ಚೇತನವಿಲ್ಲದಿರಬಹುದು, ಒಲವು ಇದೆ. ಮಂದಕವಾಗಿ ಯಿಟ್ರಿಯಂ ಹೈಡ್ರೈಡು ಒಂದು ಕಡೆಗೆ ಬಾಗಿದ್ದರೆ ಬಹುಪಾಲು ಪುಷ್ಟೀಕರಿಸಿದ ಯುರೇನಿಯಂ ಇನ್ನೊಂದು ಕಡೆಗೆ ಬಾಗಿದೆ. ಎರಡನ್ನೂ ತಟಸ್ಥವೆಂಬ ಒಂದೇ ತಕ್ಕಡಿಯಲ್ಲಿಡುವುದು ವಸ್ತುವಿಗೆ ಸಲ್ಲಿಸುವ ಗೌರವವಲ್ಲ, ಅದನ್ನು ಸರಿಯಾಗಿ ನೋಡದಿರುವಿಕೆ.

ಗೊಮ್ಮಟಗಿರಿಯ ಮೂರ್ತಿ ಯಾರದೋ ಆ ಬಾಹುಬಲಿಯ ಕಥೆ ಈ ಒಲವನ್ನೂ ಹೊಣೆಯನ್ನೂ ಒಟ್ಟಿಗೆ ಹಿಡಿದಿಟ್ಟಿದೆ. ಜಿನಸೇನರ ಸಂಸ್ಕೃತ ‘ಮಹಾಪುರಾಣ’ದಲ್ಲಿಯೂ 941ರ ಸುಮಾರಿಗೆ ಪಂಪ ಬರೆದ ಕನ್ನಡ ‘ಆದಿಪುರಾಣ’ದಲ್ಲಿಯೂ ಬರುವಂತೆ, ಬಾಹುಬಲಿಯ ಅಣ್ಣ ಭರತನಿಗೆ ಒಟ್ಟಿಗೇ ಮೂರು ಸುದ್ದಿಗಳು ತಲುಪುತ್ತವೆ: ತಂದೆ ವೃಷಭನಾಥನಿಗೆ ಕೇವಲಜ್ಞಾನವಾದದ್ದು, ತನಗೆ ಮಗ ಹುಟ್ಟಿದ್ದು, ಆಯುಧಾಗಾರದಲ್ಲಿ ಚಕ್ರರತ್ನ ಉದಿಸಿದ್ದು. ಭರತ ಮೊದಲು ಜಿನವಂದನೆಗೆ ಹೋಗುತ್ತಾನೆ. ಅಷ್ಟರಮಟ್ಟಿಗೆ ಅವನ ವಿವೇಕ ಸರಿಯಾಗಿಯೇ ಇದೆ. ಆದರೆ ಚಕ್ರದ ಹಿಂದೆ ಹೊರಟ ದಿಗ್ವಿಜಯ ಮುಗಿಸಿ ಮರಳಿದಾಗ ಚಕ್ರ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ತಮ್ಮಂದಿರು ಇನ್ನೂ ಮಣಿದಿಲ್ಲ, ಗೆಲುವು ಪೂರ್ತಿಯಾಗಿಲ್ಲ. ಚಕ್ರವಿಲ್ಲದಿದ್ದರೆ ಸೋದರರ ನಡುವೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಶಸ್ತ್ರ ಯಾರನ್ನೂ ಹೊಡೆಯುವ ಮೊದಲೇ, ಕೇವಲ ಇರುವುದರಿಂದಲೇ, ಒಡೆಯನಿಂದ ಕೆಲಸವನ್ನು ಬೇಡತೊಡಗುತ್ತದೆ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಿದ ಕಥೆ ಸಿಗುವುದು ಕಷ್ಟ. ಮಂತ್ರಿಗಳು ಸೇನೆಗಳ ನಾಶವನ್ನು ತಪ್ಪಿಸಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಅಣ್ಣತಮ್ಮಂದಿರನ್ನು ಒಪ್ಪಿಸುತ್ತಾರೆ, ಮೂರರಲ್ಲಿಯೂ ಬಾಹುಬಲಿ ಗೆಲ್ಲುತ್ತಾನೆ. ಆಗ ಭರತ ಒಪ್ಪಂದ ಮುರಿದು ಚಕ್ರ ಎಸೆಯುತ್ತಾನೆ. ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ಸುಮ್ಮನೆ ನಿಲ್ಲುತ್ತದೆ.

ಅಲ್ಲಿ ಒಂದು ತೊಟ್ಟು ರಕ್ತವೂ ಬೀಳಲಿಲ್ಲ. ದ್ರವ್ಯಹಿಂಸೆ, ಎಂದರೆ ಪ್ರತ್ಯಕ್ಷವಾಗಿ ಜೀವಕ್ಕೆ ಆಗುವ ಹಾನಿ, ನಡೆಯಲಿಲ್ಲ; ಆದರೆ ಭಾವಹಿಂಸೆ, ಎಂದರೆ ಕ್ರೋಧ ಮುಂತಾದ ಕಷಾಯಗಳಿಂದ ಕೂಡಿದ ಮನಸ್ಸು ಕೊಲ್ಲಲು ಮಾಡಿದ ತೀರ್ಮಾನ, ಪೂರ್ತಿಯಾಗಿ ನಡೆದುಹೋಯಿತು, ಮತ್ತು ಬಾಹುಬಲಿ ವೈರಾಗ್ಯ ತಾಳಿದ್ದು ಅದನ್ನು ಕಂಡು. ತತ್ತ್ವಾರ್ಥಸೂತ್ರದ ವ್ಯಾಖ್ಯಾನಕಾರರು ಇದೇ ಭೇದವನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತಾರೆ: ನೋಡಿ ನೋಡಿ ಹೆಜ್ಜೆಯಿಡುವ ಮುನಿಯ ಪಾದದಡಿ ಹುಳುವೊಂದು ಬಂದು ಸತ್ತರೆ ಅವನಿಗೆ ಆ ನಿಮಿತ್ತವಾದ ಬಂಧವಿಲ್ಲ, ನೋಡದೆ ನಡೆಯುವವನ ಕಾಲಡಿ ಏನೂ ಸಾಯದಿದ್ದರೂ ಅವನು ಹಿಂಸಕ. ಸಂಕಲ್ಪವೇ ಕರ್ಮವೆಂಬ ಬೌದ್ಧರ ನಿಲುವೂ ಇದಕ್ಕೆ ದೂರವಲ್ಲ. ಈ ಅಳತೆಯಲ್ಲಿ ನೋಡಿದರೆ ಎಂದೂ ಸಿಡಿಸದ ಅಣ್ವಸ್ತ್ರದಿಂದ ಯಾರಿಗೂ ಹಾನಿಯಾಗಿಲ್ಲವೆಂಬ ಸಮರ್ಥನೆ ಸಾಲದು. ಸಿಡಿಸುವೆನೆಂಬ ಸಿದ್ಧತೆಯನ್ನು ವರ್ಷಾನುಗಟ್ಟಲೆ ಕಾಯ್ದುಕೊಳ್ಳುವುದು ಎಂತಹ ಭಾವ ಎಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ.

ಉದ್ದೇಶವನ್ನೇ ಮುಖ್ಯವಾಗಿಸಿದರೆ ವಸ್ತು ಒದಗಿಸಿದವನು ಜಾರಿಕೊಳ್ಳಬಹುದಲ್ಲ ಎಂಬ ಆಕ್ಷೇಪ ಸಹಜ. ಸಮಂತಭದ್ರನ ಹೆಸರಿನಲ್ಲಿರುವ ‘ರತ್ನಕರಂಡಕ ಶ್ರಾವಕಾಚಾರ’ ಗೃಹಸ್ಥರ ಆಚಾರವನ್ನು ಹೇಳುವಾಗ ಈ ದಾರಿಯನ್ನು ಮುಚ್ಚುತ್ತದೆ. ಅನರ್ಥದಂಡ, ಎಂದರೆ ಪ್ರಯೋಜನವಿಲ್ಲದೆ ಮಾಡುವ ಹಾನಿ, ಐದು ಬಗೆಯದು. ಅದರಲ್ಲೊಂದು ಹಿಂಸಾದಾನ, ಹಿಂಸೆಗೆ ಸಾಧನವಾಗುವುದನ್ನು ಇನ್ನೊಬ್ಬರಿಗೆ ಕೊಡುವುದು. ಅಲ್ಲಿ ಹೆಸರಿಸಿದ ವಸ್ತುಗಳಲ್ಲಿ ಕತ್ತಿ, ಆಯುಧ, ವಿಷ, ಸರಪಳಿಗಳ ಜೊತೆಗೆ ಕೊಡಲಿ, ಗುದ್ದಲಿ, ಬೆಂಕಿ ಕೂಡ ಇವೆ. ಗುದ್ದಲಿಯಿಲ್ಲದೆ ಬೇಸಾಯವಿಲ್ಲ, ಬೆಂಕಿಯಿಲ್ಲದೆ ಅಡುಗೆಯಿಲ್ಲ. ಅವನ್ನು ಪಾಪದ ವಸ್ತುಗಳೆಂದು ಆಚಾರ್ಯ ಹೇಳುತ್ತಿಲ್ಲ. ಏತಕ್ಕೆಂದು ಕೇಳದೆ ಕೊಡುವುದು ದೋಷ ಎನ್ನುತ್ತಿದ್ದಾನೆ. ಕೊಡುವವನ ಮೇಲೆ ಪ್ರಯೋಜನವನ್ನು ತಿಳಿಯುವ ಹೊಣೆಯಿದೆ, ಮತ್ತು ವಸ್ತುವಿನ ಒಲವು ಹೆಚ್ಚಿದಷ್ಟೂ ಆ ಹೊಣೆ ಹೆಚ್ಚು.

ಭಾರತ 1974ರಲ್ಲಿ ಪೋಖ್ರಾನ್ ಪರೀಕ್ಷೆ ನಡೆಸಿದ ಮೇಲೆ ಹುಟ್ಟಿದ ಪರಮಾಣು ಪೂರೈಕೆದಾರ ರಾಷ್ಟ್ರಗಳ ಗುಂಪು ಇಟ್ಟುಕೊಂಡಿರುವ ಇಬ್ಬಗೆಯ ಬಳಕೆಯ ವಸ್ತುಗಳ ಪಟ್ಟಿಯನ್ನು ಓದಿದಾಗ ಈ ಶ್ರಾವಕಾಚಾರದ ನೆನಪಾಗದಿರದು. ಕರಗಿದ ಯುರೇನಿಯಂ, ಪ್ಲುಟೋನಿಯಂಗಳಿಗೆ ಜಗ್ಗದ ಮೂಸೆಗಳು ಆ ಪಟ್ಟಿಯಲ್ಲಿವೆ. ಅಂತಹ ಮೂಸೆಗೆ ಯಿಟ್ರಿಯಂ ಆಕ್ಸೈಡು, ಎರ್ಬಿಯಂ ಆಕ್ಸೈಡು, ಸೀರಿಯಂ ಸಲ್ಫೈಡುಗಳೆಂಬ ವಿರಳ ಭೂಲೋಹಗಳ ಸಂಯುಕ್ತಗಳನ್ನು ಬಳಸುತ್ತಾರೆ. ಅಕ್ಕಸಾಲಿಗನ ಮನೆಯಲ್ಲಿರುವಂಥದೇ ಆಕಾರದ ಒಂದು ಪಾತ್ರೆಯನ್ನು ಮಾರುವ ಮೊದಲು, ಕೊಳ್ಳುವವನು ಅದರಲ್ಲಿ ಏನನ್ನು ಕರಗಿಸುತ್ತಾನೆ ಎಂದು ಕೇಳಬೇಕೆಂಬುದು ನಿಯಮ. ಆ ಗುಂಪು ಬಲಿಷ್ಠ ರಾಷ್ಟ್ರಗಳ ಅನುಕೂಲಕ್ಕೆ ಬಾಗಿದೆಯೆಂಬ ಟೀಕೆಯಲ್ಲಿ ಹುರುಳಿದೆ, ತಾವು ಇಟ್ಟುಕೊಂಡ ಅಸ್ತ್ರಗಳ ಪ್ರಯೋಜನವನ್ನು ಅವರು ಯಾರಿಗೂ ಹೇಳಬೇಕಾಗಿಲ್ಲ. ಆದರೆ ಕೇಳಬೇಕೆಂಬ ತತ್ತ್ವ ಆ ಕಾರಣಕ್ಕೆ ತಪ್ಪಾಗುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೈತರಿಗೆ ಈ ಪ್ರಶ್ನೆ ಅಪರಿಚಿತವಲ್ಲ, ಏಕೆಂದರೆ ಹೊಗೆಸೊಪ್ಪು ಈ ನಾಲ್ಕೂ ತಾಲ್ಲೂಕುಗಳ ಮುಖ್ಯ ವಾಣಿಜ್ಯ ಬೆಳೆ. ಎಲೆ ಮುರಿದು ತಂದು, ಕಡ್ಡಿಗೆ ಕಟ್ಟಿ, ಹದಗೊಳಿಸುವ ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಹಗಲುರಾತ್ರಿ ಸೌದೆಯ ಉರಿ ಕಾಯ್ದು, ಮೊದಲು ಎಲೆ ಹಳದಿಗೆ ತಿರುಗುವಂತೆ, ಆಮೇಲೆ ಅಲಗು, ಕೊನೆಗೆ ನಡುನರ ಒಣಗುವಂತೆ ಶಾಖ ಏರಿಸುವ ಕುಟುಂಬಕ್ಕೆ ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜು ಮಾರುಕಟ್ಟೆಯಲ್ಲಿ ಸಿಗುವ ಹಣದಿಂದ ವರ್ಷದ ಸಾಲ ತೀರಬೇಕು. ಎಲೆ ಸೇದುವವನ ಶ್ವಾಸಕೋಶವನ್ನು ಕೆಡಿಸುತ್ತದೆಂದು ಆ ಕುಟುಂಬಕ್ಕೂ ಗೊತ್ತು. ಶ್ರಾವಕಾಚಾರದ ಸಾಹಿತ್ಯ ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಬೇಕೆಂದೇ ಮಾಡುವ ಮೊದಲನೆಯದನ್ನು ಪೂರ್ತಿ ಬಿಡಬೇಕು, ಮನೆವಾರ್ತೆ, ಜೀವನೋಪಾಯ, ರಕ್ಷಣೆಗಳಲ್ಲಿ ತಪ್ಪದೆ ಆಗುವ ಉಳಿದವನ್ನು ಕಡಿಮೆ ಮಾಡುತ್ತಾ ಹೋಗಬೇಕು ಎನ್ನುತ್ತದೆ. ರೈತನ ಪಾಲು ಉದ್ಯೋಗಿ ಹಿಂಸೆಯ ವಲಯಕ್ಕೆ ಸೇರಿದ್ದು. ಅವನಿಗೆ ಬೇರೆ ಬೆಳೆಯ ದಾರಿ ತೋರಿಸದೆ ಅವನನ್ನು ದೂರುವುದು ಧರ್ಮವೂ ಅಲ್ಲ, ನ್ಯಾಯವೂ ಅಲ್ಲ. ಶಸ್ತ್ರ, ವಿಷ, ಮದ್ಯ, ಮಾಂಸ, ಪ್ರಾಣಿಗಳ ವ್ಯಾಪಾರವನ್ನು ಉಪಾಸಕನಿಗೆ ನಿಷೇಧಿಸುವ ಬೌದ್ಧ ಸಮ್ಯಗಾಜೀವದ ನಿಯಮ ಇನ್ನೂ ಕಟ್ಟುನಿಟ್ಟು. ಅದು ವ್ಯಾಪಾರಿಯ ಮನಸ್ಸನ್ನು ನೋಡುವ ಮೊದಲು ಸರಕನ್ನು ನೋಡುತ್ತದೆ. ಸ್ವಭಾವವನ್ನೇ ನಿರಾಕರಿಸಿದ ಪರಂಪರೆ ಸರಕಿನ ವಿಷಯದಲ್ಲಿ ಇಷ್ಟು ಖಚಿತವಾಗಿರುವುದು ವಿರೋಧಾಭಾಸವಾಗಿ ಕಂಡರೂ ಹಾಗಲ್ಲ: ಸ್ವಭಾವವಿಲ್ಲದ ವಸ್ತುವಿಗೂ ಲೋಕವ್ಯವಹಾರದಲ್ಲಿ ನಿಯತವಾದ ಫಲವಿದೆ, ಆ ಫಲವನ್ನು ತಿಳಿದೂ ಮಾರುವವನು ಶೂನ್ಯತೆಯ ಹಿಂದೆ ಅಡಗುವಂತಿಲ್ಲ.

ಇಲವಾಲದ ಘಟಕದ ವಿಷಯದಲ್ಲಿ ಪ್ರಭುತ್ವ ಹೇಳಬಹುದಾದ ಸಮರ್ಥನೆ ಶ್ರಾವಕಾಚಾರ ಹೇಳುವ ನಾಲ್ಕು ಬಗೆಯ ಹಿಂಸೆಗಳಲ್ಲಿ ಕೊನೆಯದು, ವಿರೋಧಿ ಹಿಂಸೆ. ಆಕ್ರಮಣಕ್ಕೆ ಎದುರು ನಿಲ್ಲುವ ಬಲ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶ್ರವಣಬೆಳಗೊಳದ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ, ಯುದ್ಧಗಳಲ್ಲಿ ಬಿರುದು ಗಳಿಸಿದವನು, ಅದೇ ಕೈಯಿಂದ 978ರಲ್ಲಿ ಪುರಾಣವನ್ನೂ ಬರೆದವನು. ಕರ್ನಾಟಕದ ಜೈನ ಪರಂಪರೆ ಸೈನಿಕನನ್ನು ಹೊರಗಿಡಲಿಲ್ಲ. ಪುಷ್ಟೀಕರಿಸಿದ ಯುರೇನಿಯಂಗೂ ಒಂದಕ್ಕಿಂತ ಹೆಚ್ಚು ಪ್ರಯೋಜನಗಳಿವೆ, ನೂರಕ್ಕೆ 0.7ರಷ್ಟಿರುವ ಯುರೇನಿಯಂ-235 ಮೂರರಿಂದ ಐದಕ್ಕೆ ಏರಿದರೆ ವಿದ್ಯುತ್ ಸ್ಥಾವರದ ಇಂಧನ, ಅದೇ ಕ್ರಮ ಮುಂದುವರಿದು ತೊಂಬತ್ತರ ಹತ್ತಿರಕ್ಕೆ ಹೋದರೆ ಅಸ್ತ್ರದ ತಿರುಳು. ಯಂತ್ರ ಒಂದೇ, ಎಲ್ಲಿ ನಿಲ್ಲಿಸುತ್ತಾರೆಂಬುದು ಬೇರೆ. ಆದರೆ ಅಮೆರಿಕದೊಡನೆ ಮಾಡಿಕೊಂಡ ಪರಮಾಣು ಒಪ್ಪಂದಕ್ಕಾಗಿ 2006ರಲ್ಲಿ ನಾಗರಿಕ ಘಟಕಗಳನ್ನು ಬೇರ್ಪಡಿಸಿದ ಯೋಜನೆಯಲ್ಲಿ ಈ ಘಟಕ ಸೇರಲಿಲ್ಲ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆ ಅದಕ್ಕಿಲ್ಲ, ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಸುತ್ತಲಿನ ಜನಕ್ಕೂ ತಿಳಿಯುವಂತಿಲ್ಲ. ಹಿಂಸಾದಾನದ ವಿವೇಚನೆಗೆ ಮೊದಲ ಷರತ್ತು ಏತಕ್ಕೆ ಎಂಬ ಪ್ರಶ್ನೆಯಾಗಿರುವಾಗ, ಆ ಪ್ರಶ್ನೆಗೆ ಉತ್ತರ ಕೇಳಿಸಿಕೊಳ್ಳುವ ಒಂದು ಕಿವಿಯಾದರೂ, ಸಂಸತ್ತಿನಲ್ಲೋ ನ್ಯಾಯಾಂಗದಲ್ಲೋ, ಇರಬೇಕೆಂದು ಕೇಳುವುದು ದೇಶದ ರಕ್ಷಣೆಗೆ ವಿರೋಧವಲ್ಲ.

ವಿರೋಧಿ ಹಿಂಸೆಯ ವಿನಾಯಿತಿಗೂ ಅದರದೇ ಆದ ಮೇರೆಯಿದೆ. ಅದು ಎದುರಿಗೆ ಬಂದ ವಿರೋಧಿಯ ಮಟ್ಟಿಗೆ ಕೊಟ್ಟದ್ದು. ಬಾಹುಬಲಿಯ ಕಥೆಯಲ್ಲಿ ಮಂತ್ರಿಗಳು ಮಾಡಿದ್ದೂ ಹಿಂಸೆಯನ್ನು ಜಗಳದ ಇಬ್ಬರಿಗೆ ಸೀಮಿತಗೊಳಿಸುವ ಕೆಲಸವೇ. ಅಣ್ವಸ್ತ್ರದ ಯೋಗ್ಯತೆ ಬೇರೆ. ಅದು ವಿರೋಧಿಯನ್ನು ಗುರುತಿಸಿ ನಿಲ್ಲಲಾರದು, ಊರಿನ ಮೇಲೆ ಬಿದ್ದಾಗ ನಿದ್ದೆಯಲ್ಲಿರುವ ಮಗುವೂ ದನವೂ ಕೆರೆಯ ಮೀನೂ ಅದರ ಸುತ್ತಳತೆಯೊಳಗೆ ಬರುತ್ತವೆ, ಮತ್ತು ಇವುಗಳಲ್ಲಿ ಯಾವುದೂ ಯಾರ ವಿರೋಧಿಯೂ ಅಲ್ಲ. ಆದ್ದರಿಂದ ಚಾವುಂಡರಾಯನ ಕತ್ತಿಗೆ ಸಲ್ಲುವ ವಿನಾಯಿತಿ ಇದಕ್ಕೆ ಸಲ್ಲದು. ಯಿಟ್ರಿಯಂ ಹೈಡ್ರೈಡಿನ ಮಂದಕಕ್ಕೆ ಈ ಅಡ್ಡಿ ಬರುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಉದ್ಯೋಗಿ ಹಿಂಸೆಗೆ ಸಂಬಂಧಿಸಿದ ಪ್ರಶ್ನೆಗಳು, ಗಣಿಯ ಕೆಲಸಗಾರನ ಮೈಗೆ ತಗಲುವ ಧೂಳು, ಮೊನಜೈಟಿನ ಜೊತೆ ಬರುವ ಥೋರಿಯಂ, ಸಾವಿರಾರು ವರ್ಷ ಕಾಯಬೇಕಾದ ತ್ಯಾಜ್ಯ. ಟ್ರಿಟಿಯಂ ಹೀರಿದ ಎರ್ಬಿಯಂನ ನ್ಯೂಟ್ರಾನ್ ಕೊಳವೆ ಇವೆರಡರ ನಡುವೆ ಇದೆ, ಮತ್ತು ತೈಲಬಾವಿಗೆಂದು ಅದನ್ನು ತಯಾರಿಸುವ ಕಾರ್ಖಾನೆ ಕೊಳ್ಳುವವನ ಹೆಸರನ್ನೂ ಊರನ್ನೂ ಕೆಲಸವನ್ನೂ ಬರೆದಿಡಬೇಕು.